ನಲವತ್ತೈದರ ವೇಗ

ಅಮೆರಿಕದ ಹಾಡುಗಾರ್ತಿಯೊಬ್ಬಳು ‘ನನ್ನನ್ನು ಮದುವೆಯಾಗು’ ಎಂದು ಬೊಂಬಾಯಿಯ ಹಡಗುಕಟ್ಟೆಯಲ್ಲಿ ಬಿದ್ದು ಹೊರಳಿ ಅತ್ತಾಗ ಅವಳ ಕಣ್ಣೀರಿಗೆ ಸಮುದ್ರ ಒಂದು ಗೇಣು ಏರಿತು. ಹಾಗಿದ್ದೂ ‘ಆಗೋದಿಲ್ಲ ಲಿಲಿಯನ್, ಉಡುತಡಿಯಲ್ಲಿ ನನಗಾಗಿ ಒಬ್ಬಳು ಕಾಯ್ತಿದಾಳೆ’ ಎಂದು ಹೇಳಿ ತಿರುಗಿಯೂ ನೋಡದೆ ನಡೆದುಬಂದ ಗಂಡಸು ಶಿಕಾರಿಪುರ ತಾಲ್ಲೂಕಿನಲ್ಲೇನು, ಭೂಮಂಡಲದಲ್ಲೇ ಒಬ್ಬ. ಅವನು ಕಲೀಂ ಸೌಂಡ್ ಸರ್ವಿಸ್‌ನ ಕಲೀಂ. ಸಾಕ್ಷಿ ಕೇಳಿದವರಿಗೆ ‘ಸಮುದ್ರ ಅಲ್ಲೇ ಐತಲ್ಲ, ಹೋಗಿ ಕೇಳ್ರಿ’ ಎನ್ನುತ್ತಿದ್ದ. ಅಷ್ಟು ದೂರ ಹೋಗಿ ಕೇಳಿಕೊಂಡು ಬರುವ ಪುರುಸೊತ್ತು ಯಾರಿಗೂ ಇಲ್ಲದ್ದರಿಂದ ಮಾತು ನಲವತ್ತು ವರ್ಷದಿಂದ ಹಾಗೇ ನಿಂತಿತ್ತು. ನಿಂತಿತ್ತು ಎಂದರೆ ತಪ್ಪಾದೀತು, ಬೆಳೆದಿತ್ತು. ಮೊದಮೊದಲು ಲಿಲಿಯನ್ ಬರೀ ಕೈ ಹಿಡಿದಿದ್ದಳು. ಮಾರನೆಯ ವರ್ಷ ಅತ್ತಳು. ಸಮುದ್ರ ಏರಿದ್ದು ಕುಪ್ಪಗಡ್ಡೆಯ ಒಂದು ಮದುವೆಮನೆಯಲ್ಲಿ, ಊಟವಾಗಿ ಕೇಳುಗರು ಎಲೆಯಡಿಕೆ ಹಾಕಿಕೊಂಡು ಮೈಮರೆತು ಕೂತಿದ್ದಾಗ. ಆಮೇಲೆ ಅದನ್ನು ಇಳಿಸುವುದು ಕಲೀಮನ ಕೈಯಲ್ಲೂ ಇರಲಿಲ್ಲ.

ಈಗ ಆ ಲಿಲಿಯನ್‌ಳ ಮುಖ ನೋಡುವುದಕ್ಕೆ ಅವನು ಸೊರಬದ ಬಸ್ಸಿನಲ್ಲಿ ಹೊರಟಿದ್ದ. ಒಬ್ಬನೇ ಹೊರಟಿದ್ದರೆ ಚಿಂತೆಯಿರಲಿಲ್ಲ. ಹೆಂಡತಿ ಹಾಜಿರಾ ಬೀ ಮುಂದೆ ಹೆಂಗಸರ ಸೀಟಿನಲ್ಲಿ ಕೂತಿದ್ದಳು. ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟ್ ಇಸಿದುಕೊಂಡು, ಹಿಂದೆ ತಿರುಗಿ, ‘ನಾನು ಸರ್ಕಾರದ ಬೀಗ್ತಿ ಕಣಪ್ಪ. ಅಲ್ಲಿ ಮೋರೆ ಗಂಟು ಹಾಕ್ಕಂಡು ಕೂತಾರಲ್ಲ, ಅವ್ರ ಹತ್ರ ಇಸ್ಕಾ’ ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದ್ದಳು. ಮನೆಮಾತು ಉರ್ದುವಾದರೂ ಉಡುತಡಿಯಲ್ಲಿ ಬೆಳೆದ ಹಾಜಿರಾಗೆ ಕೋಪ ಮತ್ತು ತಮಾಷೆ ಎರಡೂ ಕನ್ನಡದಲ್ಲೇ ಬರುತ್ತಿದ್ದವು. ಈವತ್ತು ಬಂದದ್ದು ಯಾವುದೆಂದು ಕಲೀಮನಿಗೆ ತಿಳಿಯಲಿಲ್ಲ. ಈದ್‌ಗೆ ಮಾತ್ರ ತೆಗೆಯುವ ಬುರ್ಖಾ ಹಾಕಿಕೊಂಡಿದ್ದಳು. ಮಡಿಲಲ್ಲಿ ಖರ್ಜೂರದ ಡಬ್ಬಿ ಇತ್ತು.

ಹಿಂದಿನ ದಿನ ಫೋನು ಬಂದದ್ದು ಸೊರಬದ ದನದ ಡಾಕ್ಟರು ಶ್ರೀಲತಾ ಅವರದು. ಕುಪ್ಪಗಡ್ಡೆಯ ಹುಡುಗಿ, ಚಿಕ್ಕಮ್ಮನ ಮದುವೆಯಲ್ಲಿ ಕಲೀಮನ ಮೈಕ್ ಸೆಟ್ಟಿನ ಮುಂದೆ ಲಂಗ ಎತ್ತಿ ಹಿಡಿದು ಕುಣಿದವಳು, ಈಗ ಎಮ್ಮೆಯ ಹೊಟ್ಟೆಯೊಳಗೆ ಮೊಣಕೈವರೆಗೆ ಕೈಹಾಕಿ ಕರು ತೆಗೆಯುತ್ತಾಳೆ. ಗುಟ್ಟು ಎಂಬ ವಿದ್ಯೆ ಒಗ್ಗದ ಕಲೀಂ ಯಾವಾಗಲೂ ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವವನು. ‘ಸಾಬ್ರೆ, ನಿಮ್ ಅಮೆರಿಕದ ಹಾಡಿನ ಪ್ಲೇಟು ಮತ್ತೆ ಅಚ್ಚಾಗಿ ಬಂದಿದೆ ಮಾರಾಯ್ರೆ! ಐವತ್ತು ವರ್ಷದ ನೆನಪಿಗೆ ಅಂತ ಕಂಪನಿಯೋರು ಹೊಸದಾಗಿ ತಂದಾರಂತೆ. ನಾ ತರಿಸ್ಕಂಡೆ. ಬಂದು ಕೇಳಿ.’ ಕಲೀಂ ಬಾಯಿ ತೆರೆಯುವುದರೊಳಗೆ ಒಲೆಯ ಹತ್ತಿರದಿಂದ ಹಾಜಿರಾ ಎದ್ದುಬಂದಿದ್ದಳು. ‘ಡಾಕ್ಟ್ರೆ, ಮೇಲೆ ಫೋಟೋ ಐತೇನ್ರಿ?’ ‘ಇದೆ ಹಾಜಿರಮ್ಮ, ದೊಡ್ಡದೇ ಇದೆ. ಅದರದ್ದೇ ಒಂದು ಕತೆ. ಬನ್ನಿ, ಫೋನಲ್ಲಿ ಬ್ಯಾಡ.’

ಕಲೀಮನ ಪ್ಲೇಟಿಗೆ ರಟ್ಟಿನ ಹೊದಿಕೆಯೇ ಇರಲಿಲ್ಲ. ನಡುವಿನ ಕೆಂಪು ಕಾಗದ ಉಜ್ಜಿ ಉಜ್ಜಿ ಬೆಳ್ಳಗಾಗಿ ಒಂದಕ್ಷರವೂ ಉಳಿದಿರಲಿಲ್ಲ. ಹೆಸರಿಲ್ಲ, ಮುಖವಿಲ್ಲ, ಬರೀ ದನಿ. ಅದೇ ಅನುಕೂಲವಾಗಿತ್ತು. ಮುಖವನ್ನು ಅವನೇ ಇಟ್ಟ, ಹೆಸರನ್ನು ಅವನೇ ಕರೆದ. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದರು. ಬಸ್ಸು ಉಳಿದರ್ಧದಲ್ಲಿ ಕಾಲು ಎತ್ತಿ ಹಾಕುವ ಮುದುಕಿಯಂತೆ ಹೋಗುತ್ತಿತ್ತು. ಲಿಲಿಯನ್‌ಳಿಗೆ ಎಡಗೆನ್ನೆಯ ಮೇಲೆ ಮಚ್ಚೆ. ಅಥವಾ ಬಲಗೆನ್ನೆಯೋ? ಬಣ್ಣ ಹೊಸಬೆಲ್ಲದ್ದು ಎಂದದ್ದುಂಟು, ನೇರಳೆಹಣ್ಣಿನದು ಎಂದದ್ದೂ ಉಂಟು. ಮುಂದಿನ ಎರಡು ಹಲ್ಲಿನ ನಡುವೆ ಸಂದು. ನಕ್ಕರೆ ಆ ಸಂದಿನಿಂದ ಸೀಟಿಯ ಹಾಗೆ ಗಾಳಿ ಬರುತ್ತಿತ್ತು. ಇದನ್ನು ಹೇಳಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು, ಯಾಕೆಂದರೆ ಆಗ ಹಾಜಿರಾ ಕನ್ನಡಿಯ ಮುಂದೆ ನಿಂತು ತನ್ನ ಹಲ್ಲು ನೋಡಿಕೊಂಡಿದ್ದಳು. ಹೇಳಿದವನು ಮರೆಯಬಹುದು, ಕೇಳಿದವಳು ಒಂದನ್ನೂ ಮರೆತವಳಲ್ಲ. ಫೋಟೋದವಳು ಬಾಯಿ ಮುಚ್ಚಿಕೊಂಡಿರಲಪ್ಪ ಎಂದು ಅವನು ಅಲ್ಲಾನನ್ನು ಬೇಡಿಕೊಂಡ. ಬೇಡಿಕೊಂಡ ಮೇಲೆ ನಾಚಿಕೆಯಾಯಿತು. ಅರವತ್ತೇಳರ ವಯಸ್ಸಿನಲ್ಲಿ, ಎಂದೂ ನೋಡದ ಹೆಣ್ಣೊಬ್ಬಳ ಹಲ್ಲಿಗಾಗಿ ದುವಾ.

ಈ ಸೀಮೆಯಲ್ಲಿ ಮದುವೆಯ ಅರಿಸಿನ ಕುಟ್ಟುವ ಹೊತ್ತಿಗೆ ಮೈಕು ಹಾಡಲೇಬೇಕು, ಇಲ್ಲದಿದ್ದರೆ ಒನಕೆ ಏಳುವುದಿಲ್ಲ. ಮೊದಲು ದೇವರದ್ದೊಂದು, ಆಮೇಲೆ ಸಿನಿಮಾದ್ದು, ಆಮೇಲೆ ಯಾರಾದರೂ ಹೆಂಗಸು ಚಪ್ಪರದೊಳಗಿಂದ ಕೂಗುತ್ತಿದ್ದಳು: ‘ಸಾಬ್ರೆ, ಆ ಅಮೆರಿಕನಮ್ಮನ್ನ ಕರೀರಿ!’ ಮಾವಿನ ಮರಕ್ಕೆ ಕಟ್ಟಿದ ಹಾರ್ನಿನಿಂದ ಲಿಲಿಯನ್ ಹೊರಟಳೆಂದರೆ ಒನಕೆಗಳು ಅವಳ ತಾಳಕ್ಕೇ ಏಳುತ್ತಿದ್ದವು, ಬೀಳುತ್ತಿದ್ದವು. ಒಂದು ಸಲ ಗುಡವಿಯಲ್ಲಿ ಹಾಕಿದಾಗ ಕೆರೆಯ ಹಕ್ಕಿಗಳೆಲ್ಲ ಎದ್ದು ಮೂರು ದಿನ ಕೆಳಗಿಳಿಯಲಿಲ್ಲ, ಫಾರೆಸ್ಟಿನವರು ಕೈಮುಗಿದು ನಿಲ್ಲಿಸಿದರು ಎಂದು ಅವನು ಹೇಳುವುದಿತ್ತು. ಹಾಡು ನಿಂತದ್ದು ಕರೆಂಟು ಹೋಗಿ. ಆದರೆ ಹೆಂಗಸರ ಕೈ ಆ ಹಾಡಿಗೆ ಎದ್ದದ್ದು ನಿಜ. ಅದು ಮಾತ್ರ ನಿಜ. ಜನರೇಟರಿನ ಹೊಗೆಯ ಹಿಂದೆ ಕೂತು, ಸೂಜಿ ಪ್ಲೇಟಿನ ಮೇಲೆ ಸಣ್ಣಗೆ ಏರಿಳಿಯುವುದನ್ನು ನೋಡುತ್ತ, ಇದೆಲ್ಲ ನನ್ನಿಂದ ಆಗುತ್ತಿದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಸಿಡುಬಿನ ಕಲೆಯ ಮುಖದ, ಹೆಂಡತಿಯ ಹೆಗಲಿಗೆ ಬರುವ ಕಲೀಂ. ಮದುವೆಯಾದ ಹೊಸತರಲ್ಲಿ ನಾದಿನಿಯರು ಬಾಗಿಲ ಸಂದಿನಿಂದ, ‘ಅಕ್ಕಾ, ದುಲ್ಹಾನ್ನ ನಿಲ್ಸಿ ತೋರ್ಸೇ, ಕೂತಂಗೇ ಕಾಣ್ತಾನೆ’ ಎಂದು ನಕ್ಕದ್ದು ಅವನಿಗೆ ಕೇಳಿಸಿತ್ತು. ಹಾಜಿರಾಗೂ ಕೇಳಿಸಿತ್ತು. ಅವಳು ತಲೆ ತಗ್ಗಿಸಿಕೊಂಡು, ಮಾತು ಬದಲಿಸಲು, ಆ ದೊಡ್ಡ ಪ್ಲೇಟಿನ ಮೇಲೆ ಬೆರಳಿಟ್ಟು, ‘ಇದರಲ್ಲಿ ಹಾಡೋಳು ಯಾರು?’ ಎಂದಿದ್ದಳು. ಆಗ ಲಿಲಿಯನ್ ಹುಟ್ಟಿದಳು. ಹಾಜಿರಾಳ ಕಣ್ಣು ದೊಡ್ಡದಾಯಿತು. ‘ನಂಗೋಸ್ಕರ ಬಿಟ್ ಬಂದ್ರಾ?’ ಆ ಕಣ್ಣಲ್ಲಿ ಕಲೀಂ ಆರಡಿ ಬೆಳೆದ. ಅಷ್ಟು ಬೆಳೆದವನು ಮತ್ತೆ ತಗ್ಗುವುದು ಹೇಗೆ?

ಮಕ್ಕಳಾಗಲಿಲ್ಲ. ಒಂದು ವರ್ಷ, ಮೂರು ವರ್ಷ, ಆಮೇಲೆ ಜನ ಕೇಳುವುದನ್ನೂ ಬಿಟ್ಟರು. ಒಂದು ಮಧ್ಯಾಹ್ನ ಹಾಜಿರಾ ಅಕ್ಕಿ ಆರಿಸುತ್ತ, ಮೊರದಿಂದ ತಲೆಯೆತ್ತದೆ, ‘ಅವಳ ಹಾಯ್ ತಾಗೈತೆ ನಮ್ಗೆ’ ಎಂದಳು. ಹೆಣ್ಣೊಬ್ಬಳ ಹೊಟ್ಟೆಯ ಸಂಕಟದ ಉಸಿರು. ಅದು ತಾಗಿದ ಮನೆಯಲ್ಲಿ ತೊಟ್ಟಿಲು ತೂಗುವುದಿಲ್ಲ. ಕಲೀಂ ಆಗ ಹೇಳಬೇಕಿತ್ತು. ಎರಡೇ ಮಾತು ಸಾಕಿತ್ತು. ಅವನು ಎದ್ದು ಹೋಗಿ ಆಂಪ್ಲಿಫೈಯರಿನ ಧೂಳು ಒರೆಸಿದ. ಅಂದಿನಿಂದ ಪ್ರತಿ ರಂಜಾನಿನಲ್ಲಿ ಅವಳು ದುವಾಕ್ಕೆ ಕೈಯೆತ್ತಿದಾಗ ಕೊನೆಯಲ್ಲಿ ತುಟಿ ಒಂದಿಷ್ಟು ಹೆಚ್ಚು ಹೊತ್ತು ಅಲ್ಲಾಡುತ್ತಿತ್ತು. ಆ ಹೆಚ್ಚಿನ ಹೊತ್ತು ಲಿಲಿಯನ್‌ಳದೆಂದು ಅವನಿಗೆ ಗೊತ್ತಿತ್ತು. ಎಲ್ಲಿದ್ದರೂ ಅವಳನ್ನು ಚೆನ್ನಾಗಿಡು, ಅವಳ ಗಂಡಸನ್ನು ನಾನು ಕಿತ್ತುಕೊಂಡೆ, ನನ್ನನ್ನು ಮಾಫ್ ಮಾಡಿಸು. ಖರ್ಜೂರದ ಡಬ್ಬಿ ಇದಕ್ಕೇ. ಫೋಟೋದ ಮುಂದೆ ಮಾಫಿ ಕೇಳಲು ಖಾಲಿ ಕೈಲಿ ಹೋಗಬಾರದೆಂದು. ಬಸ್ಸು ಗುಂಡಿಗೆ ಬಿದ್ದು ಎದ್ದಿತು. ಹಾಜಿರಾ ಡಬ್ಬಿಯ ಮೇಲೆ ಎರಡೂ ಕೈ ಇಟ್ಟುಕೊಂಡಳು.

ಶ್ರೀಲತಾಳ ಮನೆ ದನದ ಆಸ್ಪತ್ರೆಯ ಹಿಂದೆಯೇ. ಫಿನಾಯಿಲ್ ಮತ್ತು ಹಸಿಹುಲ್ಲಿನ ವಾಸನೆ ಅಂಗಳದವರೆಗೆ ಬಂದಿತ್ತು. ‘ಬನ್ರಿ ಬನ್ರಿ, ಕೂತ್ಕಳಿ. ಹಾಜಿರಮ್ಮ, ಏನಿದು, ಮದುವೆಗೆ ಹೊರಟಂಗೆ ಬಂದೀರಲ’ ಎನ್ನುತ್ತ ಅವಳು ಒದ್ದೆ ಕೈಯನ್ನು ನೈಟಿಗೆ ಒರೆಸಿಕೊಂಡು ಒಳಗಿನಿಂದ ಪ್ಲೇಟಿನ ಹೊದಿಕೆ ತಂದಳು. ಕಲೀಂ ಬೇಕೆಂದೇ ಗೋಡೆಯ ಕ್ಯಾಲೆಂಡರ್ ನೋಡಿದ. ಹಾಜಿರಾ ಕನ್ನಡಕ ಏರಿಸಿ ನೋಡಿದಳು. ಬಹಳ ಹೊತ್ತು ನೋಡಿದಳು.

‘ಇವ್ರು ಯಾರ್ರೀ?’

ಹೊದಿಕೆಯ ಮೇಲೆ ಒಬ್ಬ ಕರಿಯ ಗಂಡಸು. ಗಡ್ಡ, ದಪ್ಪ ಕೋಟು. ಯಾವುದೋ ಹಳೇ ಮನೆಯ ಕಲ್ಲಿನ ಮೆಟ್ಟಿಲ ಮೇಲೆ ಕೂತು ನಮ್ಮ ಕಡೆ ನೋಡದೆ ಬೀದಿಯ ಕಡೆ ನೋಡುತ್ತಿದ್ದಾನೆ, ಬರಬೇಕಾದವರು ಬಾರದೆ ಇದ್ದ ಹಾಗೆ. ಕಲೀಮನ ಎದೆಯಲ್ಲಿ ಏನೋ ಕುಸಿಯಿತು. ಕುಸಿದ ಜಾಗಕ್ಕೆ ನಾಲಿಗೆ ತಾನಾಗಿಯೇ ಓಡಿಬಂತು. ‘ಹ್ಞಾಂ! ಅಣ್ಣ ಇವ್ನು, ಲಿಲಿಯನ್‌ಳ ಅಣ್ಣ. ಅವಳು ಅವತ್ತೇ ಹೇಳಿದ್ಲು, ನಮ್ಮಣ್ಣ ಭಾಳ ಕಿಲಾಡಿ, ನಾನು ಹಾಡಿದ್ದಕ್ಕೆ ತನ್ನ ಫೋಟೋ ಹಾಕ್ಕಂತಾನೆ ಅಂತ. ನೋಡು, ಹಂಗೇ ಮಾಡ್ಯಾನೆ ಸೂಳೆಮಗ.’

ಎಮ್ಮೆ ಹುಲ್ಲು ಬಿಟ್ಟು ಬೇರೇನೂ ತಿಂದಿಲ್ಲ ಎಂದು ಆಣೆ ಮಾಡುವ ಯಜಮಾನನನ್ನು ನೋಡುವಂತೆ ಶ್ರೀಲತಾ ಅವನನ್ನು ನೋಡಿದಳು. ‘ಸಾಬ್ರೆ, ಹೆಂಗಸು ಯಾರೂ ಇಲ್ಲ. ಹಾಡಿದ್ದು ಇವ್ರೇ. ನಂಗೂ ಹೋದ ತಿಂಗಳವರೆಗೆ ಗೊತ್ತಿರ್ಲಿಲ್ಲ. ನಮ್ ಚಿಕ್ಕಮ್ಮನ ಮದುವೆ ಕ್ಯಾಸೆಟ್ ಇತ್ತಲ, ಹಿಂದುಗಡೆ ನಿಮ್ ಮೈಕು ಕೇಳ್ತದೆ ಅದರಲ್ಲಿ. ಫೋನಿಗೆ ಕೇಳಿಸಿ ಹುಡುಕಿದ್ರೆ ಸಿಗ್ಲೇ ಇಲ್ಲ. ನಮ್ಮ ಮಗಳು ನಯನ ಒಂದಿನ ಸುಮ್ನೆ ತಮಾಷೆಗೆ ಅದನ್ನ ನಿಧಾನ ಮಾಡಿದ್ಲು ನೋಡಿ, ತಟ್ಟನೆ ಸಿಕ್ತು. ನಿಮ್ಮ ಮಷೀನು ಎಷ್ಟಕ್ಕೆ ತಿರುಗ್ತಿತ್ತು?’

ನಿಮಿಷಕ್ಕೆ ನಲವತ್ತೈದು ಸುತ್ತು. ವೇಗದ ಕಡ್ಡಿ ಮುರಿದು ನಲವತ್ತೈದರ ಅಂಕಿಯ ಮೇಲೆ ಕಚ್ಚಿಕೊಂಡದ್ದು ಮದುವೆಗೂ ಮುಂಚಿನ ಮಾತು. ಸಿನಿಮಾ ಹಾಡಿನ ಸಣ್ಣ ಪ್ಲೇಟುಗಳೆಲ್ಲ ಅದೇ ವೇಗದವು; ಕಲೀಮನ ಪೆಟ್ಟಿಗೆಯಲ್ಲಿ ದೊಡ್ಡ ಪ್ಲೇಟು ಎಂದರೆ ಅದೊಂದೇ. ದೊಡ್ಡದು ಮೂವತ್ತಮೂರಕ್ಕೆ ತಿರುಗಬೇಕೆಂದು ಯಾರು ಕಂಡಿದ್ದರು? ಬೇಗ ತಿರುಗಿದ ದನಿ ತೆಳ್ಳಗಾಗುತ್ತದೆ, ಏರುತ್ತದೆ. ಅದು ಅವನಿಗೆ ಗೊತ್ತಿತ್ತು. ಗೊತ್ತಿತ್ತೇ? ವೋಲ್ಟೇಜು ಇಳಿದಾಗ ಹಾಡುಗಾರ್ತಿಯರೆಲ್ಲ ಗಂಡಸರಾಗುವುದನ್ನು ಕೇಳಿ ನಗಾಡಿದವನಿಗೆ ಇದು ಹೊಳೆಯದೆ ಹೋದದ್ದು ಹೇಗೆ? ಒಂದು ಸಲ, ಯಾವುದೋ ಊರಿನಲ್ಲಿ, ಕರೆಂಟು ಕುಗ್ಗಿ ಲಿಲಿಯನ್‌ಳ ದನಿ ಮೆಲ್ಲಗೆ ದಪ್ಪಗಾಗುತ್ತ ಬಂದಾಗ ಅವನು ಗಾಬರಿಯಿಂದ ಸೂಜಿ ಎತ್ತಿಬಿಟ್ಟಿದ್ದ. ಪ್ಲೇಟು ಹಾಳಾದೀತು ಎಂದು ಸುತ್ತಲಿದ್ದವರಿಗೆ ಹೇಳಿದ್ದ.

ಶ್ರೀಲತಾ ತನ್ನ ಮಷೀನಿಗೆ ಪ್ಲೇಟು ಹಾಕಿ, ಮೂವತ್ತಮೂರಕ್ಕೆ ಇಟ್ಟು ಸೂಜಿ ಇಳಿಸಿದಳು. ಆ ಕೋಣೆಯೊಳಗೆ ಒಬ್ಬ ಮನುಷ್ಯ ಬಂದು ಕೂತ. ಅವನಿಗೆ ಅವಸರವೇ ಇರಲಿಲ್ಲ. ಒನಕೆಯ ಏಟೆಂದು ಎಲ್ಲರೂ ತಿಳಿದಿದ್ದ ಆ ಡೋಲು ದೂರದಲ್ಲಿ ಯಾರನ್ನೋ ಹೊತ್ತು ನಡೆಯುವವರ ಕಾಲಸಪ್ಪಳದಂತಿತ್ತು. ಒಂದು ಸಾಲು ಹಾಡಿ ಅವನು ನಿಲ್ಲಿಸುತ್ತಿದ್ದ. ಹಿಂದಿನವರು ಅದನ್ನು ಎತ್ತಿಕೊಳ್ಳುತ್ತಿದ್ದರು, ಹೆಗಲು ಬದಲಿಸುವ ಹಾಗೆ. ಶ್ರೀಲತಾ ಹೊದಿಕೆಯ ಹಿಂಬದಿ ಓದುತ್ತ ಸಣ್ಣದನಿಯಲ್ಲಿ ಹೇಳಿದಳು: ಯುದ್ಧಕ್ಕೆ ಹೋದ ತಮ್ಮ ಪೆಟ್ಟಿಗೆಯಲ್ಲಿ ವಾಪಸು ಬಂದಿದ್ದಾನೆ. ಸರ್ಕಾರದವರು ಬಾಗಿಲಲ್ಲಿ ನಿಂತು, ಸತ್ತವರು ಇಷ್ಟು ಜನ ಎಂದು ಓದುತ್ತಿದ್ದಾರೆ. ಅಣ್ಣ ಕೇಳುತ್ತಿದ್ದಾನೆ: ಆ ಸಂಖ್ಯೆಯಲ್ಲಿ ನನ್ನ ತಮ್ಮ ಎಲ್ಲಿದ್ದಾನೆ, ಅವನಿಗೊಂದು ಹೆಸರಿತ್ತು, ಕರೆಯಿರಿ.

‘ಯಾ ಅಲ್ಲಾ’ ಎಂದಳು ಹಾಜಿರಾ. ‘ಇದನ್ನ ಹಾಕ್ಕಂಡು ಅರಿಸಿನ ಕುಟ್ಟಿದ್ರಾ ಜನ?’

‘ಕುಟ್ಟಿದ್ವಿ ಹಾಜಿರಮ್ಮ, ಕುಣಿದಿದ್ವಿ. ನಾನೇ ಕುಣಿದೀನಿ.’ ಶ್ರೀಲತಾ ನಕ್ಕಳು. ನಗು ಪೂರ್ತಿ ಹೊರಬರಲಿಲ್ಲ. ‘ನೋಡಿ ಬೇಕಾರೆ’ ಎಂದು ವೇಗದ ಗುಂಡಿ ಒತ್ತಿದಳು. ಕೋಣೆಯಲ್ಲಿದ್ದ ಗಡ್ಡದವನು ತಟ್ಟನೆ ಎದ್ದ, ತೆಳ್ಳಗಾದ, ಹಗುರಾದ. ಲಿಲಿಯನ್ ಬಂದಳು. ಅದೇ ಲಿಲಿಯನ್. ಹಲ್ಲಿನ ಸಂದಿನಿಂದ ಗಾಳಿ ಊದುತ್ತ, ಮಾವಿನ ಮರದಿಂದ ಇಳಿದುಬಂದು, ಸೆರಗು ಹಾರಿಸಿಕೊಂಡು. ಕಲೀಮನ ಕಣ್ಣು ತುಂಬಿತು. ಇಲ್ಲದವಳಿಗಾಗಿ ಅಳುವುದು ಎಂಥ ಅವಮಾನ ಎಂದು ಅನ್ನಿಸಿದರೂ ನಿಲ್ಲಲಿಲ್ಲ. ಶ್ರೀಲತಾ ಮತ್ತೆ ಒತ್ತಿದಳು. ಲಿಲಿಯನ್ ಕರಗಿ ಹೋದಳು. ಮೆಟ್ಟಿಲ ಮೇಲೆ ಗಡ್ಡದವನು ಕೂತಿದ್ದ.

‘ಇನ್ನೊಂದ್ಸಲ ಕರೀರಿ ಅವಳನ್ನ’ ಎಂದಳು ಹಾಜಿರಾ.

ಶ್ರೀಲತಾ ಕರೆದಳು. ಹಾಜಿರಾ ಕತ್ತು ಓರೆ ಮಾಡಿ ಕೇಳಿದಳು, ನೆಂಟರ ಮನೆಯಲ್ಲಿ ಹೊಸ ಸೊಸೆಯನ್ನು ಅಳೆಯುವ ಹಾಗೆ. ತುಟಿ ಒಂದಿಷ್ಟು ಅಲ್ಲಾಡಿತು. ಆಮೇಲೆ ಕೈಯೆತ್ತಿ, ‘ಸಾಕು, ಕಳಿಸಿಬಿಡ್ರಿ. ಅವ್ನೇ ಹಾಡ್ಲಿ, ಪಾಪ. ತಮ್ಮನ್ನ ಕಳ್ಕಂಡಾನೆ’ ಎಂದಳು. ಹಾಡು ಮುಗಿಯಿತು. ಹೊರಡುವಾಗ ಖರ್ಜೂರದ ಡಬ್ಬಿಯನ್ನು ಹೊದಿಕೆಯ ಪಕ್ಕದಲ್ಲೇ ಬಿಟ್ಟಳು.

ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಶಿಕಾರಿಪುರದ ಬಸ್ಸು ಇನ್ನೂ ಬಂದಿರಲಿಲ್ಲ. ಬಿಸಿಲು ಇಬ್ಬರ ಕಾಲಿನವರೆಗೆ ಬಂದು ನಿಂತಿತ್ತು. ಕಲೀಂ ಒಂದು ಸೋಡಾ ತಂದು ಕೊಟ್ಟ. ಅವಳು ಕುಡಿದಳು, ಉಳಿದದ್ದನ್ನು ಅವನಿಗೆ ಕೊಟ್ಟಳು. ಅಷ್ಟಕ್ಕೇ ಅವನಿಗೆ ಧೈರ್ಯ ಬಂತು. ‘ಕಂಪನಿಯೋರ್ದು ಏನೋ ಮಿಸ್ಟೇಕ್ ಆಗಿರ್ಬೇಕು ಹಾಜಿರಾ. ಲಿಲಿಯನ್ ಬೇರೆ ಪ್ಲೇಟು. ನಂದು—’

‘ರೀ.’

ಅವಳು ಈ ಒಂದಕ್ಷರವನ್ನು ಹೀಗೆ ಎಂದೂ ಅಂದಿರಲಿಲ್ಲ. ಅದರಲ್ಲಿ ಕೋಪವಿಲ್ಲ, ತಮಾಷೆಯಿಲ್ಲ.

‘ಇದ್ಲಾ, ಇಲ್ವಾ?’

ಎದುರಿಗೆ ಒಬ್ಬ ಕಡ್ಲೆಕಾಯಿಯವನು ಪೊಟ್ಟಣ ಕಟ್ಟುತ್ತಿದ್ದ. ಕಾಗದವನ್ನು ಸುರುಳಿ ಸುತ್ತುವ ಅವನ ಬೆರಳುಗಳನ್ನೇ ಕಲೀಂ ನೋಡಿದ. ‘ಇರ್ಲಿಲ್ಲ.’

‘ಬೊಂಬಾಯಿ?’

‘ಹೋಗಿಲ್ಲ. ಹುಬ್ಬಳ್ಳಿ ದಾಟಿಲ್ಲ ನಾನು. ಅಲ್ಲಿ ಗುಜರಿ ಅಂಗಡೀಲಿ ಹಳೇ ಹಾರ್ನ್ ತಗಂಡೆ, ಅದರ ಜತೆ ಬಂತು ಪ್ಲೇಟು.’

ಹಾಜಿರಾ ತಲೆಯಾಡಿಸಿದಳು. ಅವಳು ಅಳಬಹುದು, ಬೈಯಬಹುದು, ಅಕ್ಕತಂಗಿಯರ ಮುಂದೆ ಇನ್ನು ಹೇಗೆ ತಲೆಯೆತ್ತಲಿ ಎನ್ನಬಹುದು ಎಂದು ಅವನು ಕಾದ. ಯಾವುದಾದರೂ ಒಂದು ಬಂದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಮಾತ್ರ, ಕಳೆದುಹೋದ ಬೀಗದ ಕೈಯನ್ನು ಎಲ್ಲೆಲ್ಲಿಟ್ಟಿದ್ದೆ ಎಂದು ನೆನಪು ಮಾಡಿಕೊಳ್ಳುವವಳಂತೆ, ತನ್ನಷ್ಟಕ್ಕೆ ಕೇಳಿಕೊಂಡಳು. ‘ಹಂಗಾರೆ ನಮ್ಗೆ ತಾಗಿದ್ದು ಯಾರ ಹಾಯ್?’

ಕಲೀಂ ಖಾಲಿಯಾದ ಸೋಡಾ ಬಾಟಲಿಯನ್ನು ಕಾಲಬಳಿ ಇಟ್ಟ.

‘ಶಿವಮೊಗ್ಗದ ಲೇಡಿ ಡಾಕ್ಟ್ರು ನನ್ನ ನೋಡಿ, ನಿಂಗೇನೂ ತೊಂದ್ರೆ ಇಲ್ಲಮ್ಮ, ಮನೆಯೋರನ್ನ ಕಳಿಸು ಅಂದಿದ್ರು’ ಎಂದಳು ಹಾಜಿರಾ. ‘ನೀವು ಹೋಗಿ ಬಂದ್ರಿ. ಬಂದು ಏನಂದ್ರಿ? ಡಾಕ್ಟ್ರು ಕುರ್ಚಿ ಬಿಟ್ಟೆದ್ದು ಕೈ ಕುಲುಕಿದ್ರು, ಇಂಥ ಗಂಡಸನ್ನ ಜಿಲ್ಲೆಯಲ್ಲೇ ನೋಡಿಲ್ಲ ಅಂದ್ರು ಅಂತ. ನಂಗೆ ಎಷ್ಟು ನಗು ಬಂತು ಅವತ್ತು. ನಕ್ಕು ಮಲಗಿದ ಮೇಲೆ ಅನ್ನಿಸ್ತು, ಇವ್ರದ್ದೂ ಸರಿ, ನಂದೂ ಸರಿ ಅಂದ್ರೆ ಇದು ಅವಳ ಹಾಯೇ. ಬೇರೆ ಏನೂ ಇರಕ್ಕೆ ಸಾಧ್ಯ ಇಲ್ಲ. ಅವತ್ತಿಂದ ನಾ ಅವಳ ಹತ್ರ ಬೇಡ್ಕಂತಾ ಇದೀನಿ.’ ಅವಳು ಅವನ ಕಡೆ ತಿರುಗಿದಳು. ‘ಡಾಕ್ಟ್ರು ಏನಂದ್ರು?’

ಸಾಗರದ ಬಸ್ಸೊಂದು ಬಂದು ಎದುರಿಗೇ ನಿಂತು ಇಂಜಿನು ಆರಿಸದೆ ಗುರುಗುಟ್ಟತೊಡಗಿತು. ಕಲೀಂ ಏನೋ ಹೇಳಿದ.

‘ಕೇಳ್ಸಲ್ಲ. ಜೋರಾಗಿ ಹೇಳ್ರಿ.’

‘ಒಳಗೆ ಹೋಗ್ಲಿಲ್ಲ ಅಂದೆ.’ ಕಡ್ಲೆಕಾಯಿಯವನು ತಲೆಯೆತ್ತಿದ. ಕಲೀಂ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೇನಾದರೂ ಬಾಯಿಗೆ ಬಂದುಬಿಡುತ್ತದೆಂದು ಅವನಿಗೆ ಹೆದರಿಕೆಯಾಯಿತು. ‘ಸಾಲಲ್ಲಿ ನಿಂತಿದ್ದೆ. ನನ್ನ ಮುಂದಿನೋನನ್ನ ಕರೆದ್ರು. ಅವ್ನು ಒಳಗೆ ಹೋದ, ಬಾಗಿಲು ಹಾಕಿದ್ರು. ಮುಂದೆ ನಾನೇ. ಅಲ್ಲಿಂದ ಬಂದ್ಬಿಟ್ಟೆ. ಸಾಯಂಕಾಲದವರೆಗೆ ಊರೆಲ್ಲ ತಿರುಗಿ, ಡಾಕ್ಟ್ರು ಏನಂದ್ರು ಅಂತ ಯೋಚ್ನೆ ಮಾಡ್ಕಂಡು ಮನೆಗೆ ಬಂದೆ. ಯಾರ ಹಾಯೂ ಅಲ್ಲ ಹಾಜಿರಾ. ನಂದೇ ಏನೋ ದೋಷ ಇದ್ದಿರಬಹುದು, ಇಲ್ಲದೇನೂ ಇರಬಹುದು. ನಂಗೆ ಗೊತ್ತಿಲ್ಲ. ತಿಳ್ಕಳಕ್ಕೆ ಹೆದ್ರಿಕೆ ಆಗಿ, ಆ ಬಾಗಿಲೊಳಗೆ ನಾನು ಹೋಗ್ಲೇ ಇಲ್ಲ.’